ಏಳನೇ ಪಿನ್ನಿನ ಖರೇ

ಹಳೇ ಕಾರಿಗೆ ಹೊಸ ಮಾಡೆಲ್ಲಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿಬಿಡಬಹುದು. ಅದರ ಕನೆಕ್ಟರ್ ಇದೆಯಲ್ಲ, ಅದು ಜೀವ ತಿನ್ನುತ್ತದೆ. ಹದಿನಾರು ಪಿನ್ನು, ಎಲ್ಲದರ ಜಾಗವೂ ಅದಲುಬದಲು. ಗಿರಾಕಿಗೋ ಸಂಜೆಯೇ ನಾಸಿಕ್‌ಗೆ ಹೊರಡಬೇಕು.

ಮುಲುಂಡಿನ ನನ್ನ ಗ್ಯಾರೇಜಿನಲ್ಲಿ ವಯರಿಂಗ್ ನೋಡುವ ಭೀಮಣ್ಣ ವಿಜಯಪುರದವನು, ನಾನು ಕುಂದಾಪುರದವನು. ಅವನು ನಕ್ಷೆ ಹಿಡಿದು ಗಾಡಿಯಡಿ ಮಲಗಿದ್ದ. ನಾನು ಬಾನೆಟ್ಟಿನೊಳಗೆ ಕೈಹಾಕಿ ವಯರು ಜೋಡಿಸುತ್ತಿದ್ದೆ.

"ಏಳನೇದಕ್ಕೆ ಹಳದಿ ಅಲ್ದಾ ಭೀಮಣ್ಣ?"

"ಖರೇ ರೀ," ಎಂದ ಕೆಳಗಿನಿಂದ.

ಕಪ್ಪಿಗೆ ಅವನು ದಿನಾ ಕರೇ ಅನ್ನುವವನು. ಸದ್ಯ, ನನ್ನ ತಪ್ಪು ತಿದ್ದಿದ ಅಂದುಕೊಂಡು ಕಪ್ಪು ವಯರು ಜೋಡಿಸಿದೆ. ಗಾಡಿ ಮೂರನೇ ಗೇರಿನಲ್ಲೇ ಸಿಕ್ಕಿಕೊಂಡಿತು. ಊಟ ಬಿಟ್ಟು ಹದಿನಾರನ್ನೂ ಮತ್ತೆ ನೋಡಿದೆವು.

"ಏಳಕ್ಕ ಕರೇ ವಯರ್ ಯಾರ್ ಹಚ್ಚಿದ್ರು?"

"ನೀನೇ ಕರೇ ಅಂದ್ಯಲ್ಲ ಮಾರಾಯ!"

"ನಾ ಖರೇ ಅಂದ್ನಿರಿ. ನೀವು ಹಳದಿ ಅಂದದ್ದು ಸತ್ಯ ಐತಿ ಅಂತ."

ಅಷ್ಟರಲ್ಲಿ ಗಿರಾಕಿಯ ಫೋನು, ಯಾಕಿಷ್ಟು ತಡ ಎಂದು ಕೂಗಾಟ. ಪಾರ್ಟ್ಸ್ ಸಿಗಲಿಲ್ಲ ಎಂದೆ. ಖರೇ ಹೇಳಿದ್ದರೆ ನಂಬುತ್ತಿದ್ದನಾ?