ಇಪ್ಪತ್ತನೆಯ ಸಾಲಿಗೆ ರಮಾಬಾಯಿ ಆರಿಸಿದ ಚಿತ್ರ

ರಮಾಬಾಯಿ ಚಿತ್ತಾಪುರದ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ರಂಥಪಾಲಕಿ. ಹರಿದ ಪುಸ್ತಕ ಹೊಲಿಯುತ್ತಾಳೆ, ಕಿತ್ತುಹೋದ ರಟ್ಟು ಅಂಟಿಸುತ್ತಾಳೆ. ತಪ್ಪು ನಂಬರಿನ ಚೀಟಿ ಕಂಡರೆ ಒದ್ದೆ ಅರಿವೆಯಲ್ಲಿ ನೆನೆಸಿ, ಉಗುರಿನಿಂದ ಎಬ್ಬಿಸಿ, ಹೊಸದು ಹಚ್ಚುತ್ತಾಳೆ.

ಹೋದ ವರ್ಷ ಮೇಲಿನಿಂದ ಆದೇಶ ಬಂತು: ಗ್ರಂಥಾಲಯದಲ್ಲಿ ಇಡಲು ಹಾಡಿನ ಆಲ್ಬಂ, ಸಾಕ್ಷ್ಯಚಿತ್ರ ಸೇರಿ ಇಪ್ಪತ್ತು ಆರಿಸಿ ಪಟ್ಟಿ ಕೊಡಿ. ಬೇರೆ ಊರಿನವರು ಅಂಗಡಿಯವನ ಪಟ್ಟಿಗೇ ಸಹಿ ಹಾಕಿ ಕೈತೊಳೆದುಕೊಂಡರು. ಈಕೆ ಒಂದೊಂದನ್ನೂ ಪೂರ್ತಿ ಕೇಳಿದಳು, ನೋಡಿದಳು. ಎಂಟು ಭಜನೆ ಆಲ್ಬಂಗಳಲ್ಲಿ ಅದೇ ಹಾಡುಗಳು ತಿರುತಿರುಗಿ ಬಂದದ್ದನ್ನು ಹಿಡಿದು ಏಳನ್ನು ಹೊಡೆದುಹಾಕಿದಳು. ಹತ್ತೊಂಬತ್ತು ಸಾಲು ತುಂಬಿದವು. ಇಪ್ಪತ್ತನೆಯದಕ್ಕೆ ನಮ್ಮದನ್ನು ಬರೆದಳು.

ನಮ್ಮದು ಎಂದರೆ, ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯ ಹೆಂಗಸರು ನಲವತ್ತೊಂದು ದಿನ ಧರಣಿ ಕೂತಾಗ ಹಾಡಿದ ಹಾಡುಗಳ ಚಿತ್ರ. ಮದುವೆ ವಿಡಿಯೊ ತೆಗೆಯುವ ಮಶಾಕ ತೆಗೆದದ್ದು. ಮಶಾಕ ಸತ್ತ, ಅವನ ಕ್ಯಾಸೆಟ್ಟುಗಳು ಗುಜರಿಗೆ ಹೋದವು. ಉಳಿದದ್ದು, ಧರಣಿಯಲ್ಲಿ ಅವರ ಜೊತೆ ಕೂತಿದ್ದ ನನ್ನ ಟ್ರಂಕಿನಲ್ಲಿದ್ದ ಒಂದೇ ಸಿ.ಡಿ. ಹಾಡುಗಳನ್ನು ಕಟ್ಟಿ ಹಾಡಿದ ಅನಸುಬಾಯಿಯ ಎದೆಯಲ್ಲಿ ಈಗ ಕಲ್ಲಿನ ಧೂಳು ಕೂತಿದೆ. ಆ ಹಾಡುಗಳನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ.

"ಗ್ರಂಥಾಲಯದ ನಂಬರ್ ಬಿತ್ತಂದ್ರ ಇನ್ನ ಕಳಿಯಾಂಗಿಲ್ಲ ಅಣ್ಣಾ," ಎಂದಳು ರಮಾಬಾಯಿ. "ಮಂಜೂರಾಗ್ಲಿ, ಪ್ರತಿ ಮಾಡ್ಸಿ ಸೇಡಂ, ಚಿಂಚೋಳಿಗೂ ಕಳಸ್ತೀನಿ."

ಮೊದಲೇ ಪ್ರತಿ ಮಾಡಿಸಬೇಕಿತ್ತು. ವರ್ಷಗಟ್ಟಲೆ ಟ್ರಂಕಿನಲ್ಲಿ ಕೊಳೆಹಾಕಿದವನು ನಾನು, ಅವಳಿಗೇನು ಹೇಳಲಿ?

ಆಯ್ಕೆ ಸಮಿತಿಯ ಸಿದ್ಧಲಿಂಗ ನಕ್ಕನಂತೆ. "ಕಲ್ಲು ಒಡಿಯೋರ ಹಾಡು ಯಾರ್ ಕೇಳ್ತಾರ್ರಿ ಮೇಡಂ? ಆಗ್ಲಿ, ನಂಬರ್ ಹಚ್ಕೊಂಡು ಸೋಮವಾರ ತರ್ರಿ."

ಶನಿವಾರ ನಾನು ಹೋದಾಗ ಅವಳು ಸಿ.ಡಿ.ಯ ಮೇಲೆ ಅಂಟು ಹಚ್ಚಿದ ಚೀಟಿ ನೋಡುತ್ತಿದ್ದಳು.

"ಥೂ, ಬ್ಯಾರೆ ಪುಸ್ತಕದ ನಂಬರ್ ಹಚ್ಚೀನಿ. ಒಂದ್ ನಿಮಿಷ ಕುಂದ್ರಿ ಅಣ್ಣಾ."

ಒದ್ದೆ ಅರಿವೆ ಇಟ್ಟಳು. ಉಗುರು ಹಾಕಿದಳು. ಚೀಟಿ ಎದ್ದಿತು, ಅದರ ಬೆನ್ನಿಗೆ ಬೆಳ್ಳಿಯ ಪದರವೂ ಎದ್ದಿತು. ಸಿ.ಡಿ.ಯ ಆಚೆಗೆ ಅವಳ ಬೆರಳು ಕಾಣಿಸಿತು.

ಕಂಪ್ಯೂಟರ್ ಅಂಗಡಿಯ ಶಾಹನವಾಜ ಅದನ್ನು ಬೆಳಕಿಗೆ ಹಿಡಿದ. "ಅಕ್ಕಾ, ಹಾಡು ಇರೋದೇ ಈ ಬೆಳ್ಳಿದಾಗ. ಇದು ಈಗ ಬರೇ ಪ್ಲಾಸ್ಟಿಕ್ ಅದ."

"ಒಂದರ ಬರ್ತದೇನು ನೋಡಪಾ. ಒಂದೇ ಹಾಡು. ಕೈ ಮುಗೀತೀನಿ."

ಮೂರು ಯಂತ್ರಕ್ಕೆ ಹಾಕಿದ. ಮೂರೂ ಹೊರಗೆ ಉಗುಳಿದವು.

ಭಾನುವಾರ ಇಬ್ಬರೂ ಶಹಾಬಾದಿಗೆ ಹೋದೆವು. ಅನಸುಬಾಯಿ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ರಮಾಬಾಯಿ ಫೋನು ಚಾಲೂ ಮಾಡಿ ಅವಳ ಮುಂದೆ ಹಿಡಿದಳು.

"ಆಯಿ, ಧರಣಿ ಹಾಡು ಒಂದು ಹೇಳು. ರಾಗ ಬ್ಯಾಡ, ಬರೇ ಮಾತು ಹೇಳು ಸಾಕು."

"ಮಾತು ಎಲ್ಲಿ ನೆನಪದ ಯವ್ವಾ? ದನಿ ಎತ್ತಿದ್ರ ಮುಂದಿಂದು ತಾನೇ ಬರ್ತಿತ್ತು. ಈಗ ಉಸಿರೇ ಇಲ್ಲ, ಹ್ಯಾಂಗ್ ಎತ್ಲಿ?" ಕೆಮ್ಮು ಬಂತು, ಭಾಳ ಹೊತ್ತು ನಿಲ್ಲಲಿಲ್ಲ. ಕಣ್ಣು ಒರೆಸಿಕೊಂಡು ನಕ್ಕಳು. "ನೀ ಯಾಕ ಚಿಂತಿ ಮಾಡ್ಲಿಕತ್ತಿದಿ? ನಿಮ್ಮ ಲೈಬ್ರರಿದಾಗ ಜ್ವಾಕಿ ಇಟ್ಟಿ ಅಲ್ಲ? ಮೊಮ್ಮಗಳಿಗಿ ಹೇಳೀನಿ, ನಾ ಸತ್ತಮ್ಯಾಲ ಅಲ್ಲಿ ಹೋಗಿ ಕೇಳು ಅಂತ."

ರಮಾಬಾಯಿ ನನ್ನ ಕಡೆ ನೋಡಿದಳು. ನಾನು ಅಂಗಳ ನೋಡಿದೆ.

"ಹೂಂ ಆಯಿ," ಎಂದಳು. "ಕಳಸು."