ಬಂದವರಿಗೆಂದು ತುಂಬಿಟ್ಟ ನೀರು

ಮರಾಠಿ ಸೀಮೆಯ ಖರಾಡಿ ಪೇಟೆಯ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಇಪ್ಪತ್ತೈದು ವರ್ಷ ಸವೆಸಿದ ಸೇಡಂ ಕಡೆಯ ಚಂದಮ್ಮ ಯಾರೆದುರೂ ಮಾತು ನುಂಗುವ ಹೆಂಗಸಲ್ಲ. ಆ ಬಾಯಿ ನೋಡಿಯೇ ಅವಳಿದ್ದ ಕೂಲಿಕಾರರ ವಸ್ತಿಯ ಮಂದಿ ಅವಳನ್ನು ವಾರ್ಡಿನ ಆರೋಗ್ಯ ಸಲಹಾ ಸಮಿತಿಗೆ ಕಳಿಸಿದ್ದು. ಅಂಥವಳು ಈ ದಿನ ಸಭೆಯಲ್ಲಿ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು.

ಏಳು ತಿಂಗಳ ಬಸುರಿ ಸೊಸೆ ಶಿವಕಾಂತಾಳ ಕಣ್ಣುಗಳು ಬೆಳಗ್ಗೆ ಅರಿಸಿನದಂತೆ ಹಳದಿಯಾಗಿದ್ದವು. ಮಗ ಅಂಬಾದಾಸ ಅವಳನ್ನು ದವಾಖಾನೆಗೆ ಕರೆದೊಯ್ದಿದ್ದ. ಬಸುರಿಗೆ ಕಾಮಾಲೆ ಬಂದರೆ ಎರಡು ಜೀವಕ್ಕೂ ಅಪಾಯವೆಂದು ಚಂದಮ್ಮ ಇದೇ ಸಮಿತಿಯಲ್ಲಿ ಕೇಳಿ ತಿಳಿದಿದ್ದಳು. ತಿಳಿಯದೇ ಇದ್ದರೆ ಇಷ್ಟು ಹೆದರಿಕೆಯಾದರೂ ಇರುತ್ತಿರಲಿಲ್ಲ.

"ವಸ್ತಿಯಲ್ಲಿ ಒಂಬತ್ತು ಜನಕ್ಕೆ ಕಾಮಾಲೆ," ಎಂದರು ಸಮಿತಿ ನಡೆಸುವ ಡಾಕ್ಟರ್ ಲೀಲಾಕ್ಷಿ. ಸಭೆಗೆಲ್ಲ ಮರಾಠಿಯಲ್ಲಿ ಹೇಳಿ, ಚಂದಮ್ಮನ ಕಡೆ ತಿರುಗಿ ಕನ್ನಡದಲ್ಲಿ ಹೇಳುವುದು ಅವರ ರೂಢಿ. "ಆದರೆ ಹೋದ ತಿಂಗಳ ನೀರಿನ ರಿಪೋರ್ಟ್ ಚೆನ್ನಾಗಿದೆ. ಹೊರಗಡೆ ಏನೋ ತಿಂದಿರಬೇಕು."

ಚಂದಮ್ಮ ಎದ್ದು ನಿಂತಳು.

"ಆ ನೀರು ನಮ್ಮ ನಳದ್ದಲ್ರಿ ಮೇಡಂ."

ನಡೆದದ್ದು ಇಷ್ಟು. ಹೋದ ತಿಂಗಳು ಸಮಿತಿಯವರು ವಸ್ತಿಯ ತಪಾಸಣೆಗೆ ಬರುತ್ತಾರೆಂದು ಅವಳು ಅಂಗಳ ಗುಡಿಸಿ ಸಾರಿಸಿದ್ದಳು. ದೊಡ್ಡವರು ಮನೆಗೆ ಬಂದರೆ ಮಣ್ಣುಬಣ್ಣದ ನೀರು ಕೊಡುವುದೆ? ಛೀ! ಅಂಗಡಿಯಿಂದ ಕ್ಯಾನ್ ನೀರು ತರಿಸಿ ಕೊಡ ತುಂಬಿಟ್ಟಿದ್ದಳು. ಆ ಹೊತ್ತಿಗೆ ವಸ್ತಿಯ ನಳದಲ್ಲಿ ನೀರು ಬರುತ್ತಿರಲಿಲ್ಲ. ಬಂದವರು ಆ ಕೊಡದಿಂದಲೇ ಬಾಟಲಿ ತುಂಬಿಕೊಂಡು ಪರೀಕ್ಷೆಗೆ ಒಯ್ದರು. ಆ ಮಹಾಶಯರಾದರೂ ಒಂದು ಮಾತು ಕೇಳಬೇಕೋ ಬೇಡವೋ! ಇವಳಾದರೂ ಹೇಳಬಹುದಿತ್ತು. ಮನೆಯ ಮರ್ಯಾದೆ ಹೋಗುತ್ತದೆಂದು ಸುಮ್ಮನಾದಳು.

"ಅಲ್ಲಮ್ಮಾ, ಇದನ್ನ ಈಗ ಹೇಳ್ತೀರಾ?" ಲೀಲಾಕ್ಷಿಯವರ ದನಿ ಏರಿತು.

"ತಪ್ಪಾಗೇದ್ರಿ. ಇದೇ ನಳದ ನೀರು ಇಷ್ಟು ವರ್ಷ ಕುಡಿದೀನಿ, ನನಗೇನಾಗೇದ ಅಂದ್ಕೊಂಡೆ. ಈಗ ನನ್ನ ಸೊಸಿ ಕಣ್ಣು ಹಳದಿ ಆಗ್ಯಾವ."

ಡಾಕ್ಟರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಬೈಯುತ್ತಾರೆ, ಸಮಿತಿಯಿಂದ ತೆಗೆಯುತ್ತಾರೆ ಎಂದುಕೊಂಡಳು ಚಂದಮ್ಮ. ತೆಗೆಯಲಿ ಬಿಡು, ಸೊಸೆ ಉಳಿದರೆ ಸಾಕು.

"ಇವತ್ತೇ ನಳದ ನೀರು ಪರೀಕ್ಷೆಗೆ ಕಳಿಸ್ತೀವಿ. ಟ್ಯಾಂಕರ್ ಕೂಡ ಬರುತ್ತೆ," ಎಂದರು ಲೀಲಾಕ್ಷಿ, ಈಗ ಮೆತ್ತಗೆ. "ಇಷ್ಟು ದಿನ ಎಲ್ಲರೂ ಕಾಯಿಸಿ ಕುಡಿದಿದ್ದಾರೆ ತಾನೇ? ನಾವು ಹೇಳಿಕೊಟ್ಟಿದ್ವಲ್ಲ."

ಚಂದಮ್ಮ ಮೇಜು ಹಿಡಿದುಕೊಂಡಳು.

"ಮೊದಲ ಕಾಯಿಸ್ತಿದ್ರು. ರಿಪೋರ್ಟ್ ನನ್ನ ಕೈಯಾಗ ಕೊಟ್ಟು ಎಲ್ಲಾರಿಗೂ ಹೇಳು ಅಂದ್ರಿ. ಆಗೂ ನನಗ ಖರೇ ಹೇಳಾಕ ಬಾಯಿ ಬರಲಿಲ್ಲ. ಮನಿಮನಿ ಹೋಗಿ, ನೀರು ಛಲೋ ಅದ, ಸುಮ್ನ ಗ್ಯಾಸ್ ಯಾಕ ಸುಡ್ತೀರಿ ಅಂದೆ." ಡಾಕ್ಟರ ಮುಖ ನೋಡಿಯೇ ಉಳಿದದ್ದನ್ನೂ ಹೇಳಿದಳು. "ಶಿವಕಾಂತಾ ಒಬ್ಬಾಕಿ ಕೇಳಲಿಲ್ರಿ, ದಿನಾ ಕಾಯಿಸ್ತಿದ್ಲು. ಆಕೀಗಿ ಬೈದು, ಒಲಿ ಮ್ಯಾಲಿನ ನೀರಿನ ಪಾತೇಲಿ ನಾನೇ ಇಳಿಸಿದೆ."