ಅಂಕೆ ತಪ್ಪಿದ ಬೆಳಗು

ನನ್ನ ಮೊಬೈಲಿನ ಗಡಿಯಾರ ಕನ್ನಡದಲ್ಲಿದೆ. ಹಾಗೆ ಬದಲಿಸಿದ ದಿನ ಕಾಲವೇ ಕನ್ನಡಕ್ಕೆ ಒಲಿಯಿತೆಂದು ಬೀಗಿ, ತುರುವೇಕೆರೆಯ ಹೋಟೆಲಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ೧೦:೪೫ ಎಂದು ತೋರಿಸಿ ಬಂದಿದ್ದೆ. ನಿವೃತ್ತ ಕನ್ನಡ ಮೇಷ್ಟ್ರು, ಮನೆಯಲ್ಲಿ ಒಬ್ಬನೇ. ಇಷ್ಟಾದರೂ ಸಂಭ್ರಮ ಬೇಡವೇ?

ಆದರೆ ನಮ್ಮ ಆರೂ ಒಂಬತ್ತೂ ಅವಳಿಗಳೆಂಬುದನ್ನು ನೀವು ಬಲ್ಲಿರಿ. ಬಾಲದ ತಿರುವು ನೋಡಿಯೇ ಗುರುತು ಹಿಡಿಯಬೇಕು. ಮಕ್ಕಳ ಪುಸ್ತಕಗಳಲ್ಲಿ ಆ ತಿರುವನ್ನು ಕೆಂಪು ಶಾಯಿಯಲ್ಲಿ ತಿದ್ದಿ ತಿದ್ದಿ, ನನ್ನ ಕಣ್ಣೇ ನನ್ನ ಅಂಕೆಯಲ್ಲಿಲ್ಲವೆಂಬುದು ತಿಳಿಯದೇ ಹೋಯಿತು.

ಮಾಯಸಂದ್ರದಲ್ಲಿ ಟೈಲರ್ ಆಗಿದ್ದ ಬಾಲ್ಯಸ್ನೇಹಿತ ರಹೀಮ, ಅಂಗಡಿ ಮುಚ್ಚಿ, ಹುಬ್ಬಳ್ಳಿಯ ಮಗಳ ಮನೆಗೆ ಶಾಶ್ವತವಾಗಿ ಹೊರಟಿದ್ದ. ಹಿಂದಿನ ದಿನ ಫೋನ್ ಮಾಡಿ, "ಬೆಳಗ್ಗೆ ತುರುವೇಕೆರೇಲಿ ಇಳ್ದು ತಿಪಟೂರು ಬಸ್ ಹತ್ತೀನಿ ಕಣ್ಲಾ, ಅಲ್ಲಿಂದ ರೈಲು. ಸ್ಟ್ಯಾಂಡಿಗೆ ಬಾ, ಒಂದ್ ಟೀ ಕುಡಿಯಾನ. ಟೈಮು ನಿನ್ ಮೊಬೈಲಲ್ಲೇ ನೋಡ್ಕೊ" ಎಂದ. ಮಾಯಸಂದ್ರದ ಬಸ್ಸು ಇಲ್ಲಿಗೆ ಬರುವ ಹೊತ್ತನ್ನು ಬಸ್ಸಿನ ಆ್ಯಪ್ ೬:೨೦ ಎಂದು ತೋರಿಸಿತು. ನಾನು ಒಂಬತ್ತು ಇಪ್ಪತ್ತು ಎಂದು ಓದಿಕೊಂಡೆ.

ಇಸ್ತ್ರಿಯಾದ ಅಂಗಿ ತೊಟ್ಟು ಒಂಬತ್ತಕ್ಕೇ ನಿಲ್ದಾಣದಲ್ಲಿ ಕೂತೆ. ಹಿಂದಿನ ಸಂಜೆ ಪಕ್ಕದ ಸಂಪಿಗೆ ಊರಿನ ದೇವಸ್ಥಾನದಲ್ಲಿ ಸದ್ದಡಗಿಸಿದ್ದ ಫೋನನ್ನು ಆಗಷ್ಟೇ ನೋಡಿದರೆ ರಹೀಮನ ಮೂರು ಕರೆಗಳು, ಎಲ್ಲವೂ ೬:೩೦ರ ಆಸುಪಾಸಿನವು. ಪರದೆಯ ಮೇಲ್ತುದಿಯಲ್ಲಿ ೯:೧೫. ಅವಳಿಗಳೆರಡೂ ಒಂದೇ ಕಡೆ ನಿಂತಾಗ ಮೇಷ್ಟ್ರಿಗೆ ಪಾಠ ಅರ್ಥವಾಯಿತು.

ಫೋನ್ ಮಾಡಿದೆ. ಅವನು ಆಗಲೇ ರೈಲಿನಲ್ಲಿದ್ದ. ತಪ್ಪೊಪ್ಪಿಕೊಂಡೆ.

"ಅದಕ್ಕೇ ಕಣ್ಲಾ, ಅಳತೆ ಪುಸ್ತಕದಲ್ಲಿ ಒಂಬತ್ತರ ಕೆಳಗೆ ನಾನು ಗೆರೆ ಎಳೀತಿದ್ದದ್ದು. ನಾಕನೇ ಕ್ಲಾಸು ಓದಿದೋನಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತಿಲ್ವಾ?" ಎಂದು ನಕ್ಕ. ಆಮೇಲೆ ದನಿ ತಗ್ಗಿತು. "ಎರಡು ಬಸ್ಸು ಬುಟ್ಟೆ ನಿನಗೋಸ್ಕರ. ಮೂರನೇದೂ ಬುಟ್ಟಿದ್ರೆ ರೈಲು ಹೋಗ್ಬುಡೋದು. ಹೋಗ್ಲಿ ಬುಡು."

ಸಿಗ್ನಲ್ ಹೋಯಿತು. ಊರೆಲ್ಲ ನನ್ನನ್ನು 'ಮೇಷ್ಟ್ರೇ' ಎಂದು ಗೌರವಿಸುತ್ತದೆ. 'ಕಣ್ಲಾ' ಎನ್ನುವವನು ಅವನೊಬ್ಬನೇ ಇದ್ದ.

ಅಂಕಿಗಳನ್ನು ಇಂಗ್ಲಿಷಿಗೆ ಬದಲಿಸಿಬಿಡಿ ಎಂದವರಿದ್ದಾರೆ. ಬದಲಿಸಿಲ್ಲ. ದಿನಾ ನಸುಕಿಗೇ ಎಚ್ಚರವಾಗುತ್ತದೆ. ಮೊಬೈಲು ೬:೨೦ ಎನ್ನುತ್ತದೆ, ನಾನೂ ತಪ್ಪಿಲ್ಲದೆ ಆರು ಇಪ್ಪತ್ತು ಎಂದೇ ಓದುತ್ತೇನೆ. ಹೋಗಿ ಕಾಣಬೇಕಾದವರು ಯಾರೂ ಈಗ ಆ ಬಸ್ಸಿನಲ್ಲಿ ಬರುವುದಿಲ್ಲ.